ಅಗ್ಗದ ನಾಡುಗಳ ಲೆಕ್ಕ

"ವಿದೇಶ ಪ್ರವಾಸ" ಎಂಬ ಮಾತು ಕಿವಿಗೆ ಬಿದ್ದೊಡನೆ ಮಧ್ಯಮ ವರ್ಗದ ಗೃಹಸ್ಥನ ಕೈ ತನಗರಿವಿಲ್ಲದೆಯೇ ಕಿಸೆಯನ್ನು ಮುಟ್ಟಿ ನೋಡುತ್ತದೆ. ಕಾಶಿ-ರಾಮೇಶ್ವರಗಳ ಯಾತ್ರೆ ಮುಗಿಸಿದವರೂ, ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಡಾರ್ಜಿಲಿಂಗ್, ಸಿಮ್ಲಾಗಳನ್ನು ಕಂಡುಬಂದವರೂ ಗಡಿಯಾಚೆಯ ಮಾತು ಬಂದರೆ "ಅದೆಲ್ಲ ಉಳ್ಳವರ ಸಂಗತಿ" ಎಂದು ಸುಮ್ಮನಾಗುತ್ತಾರೆ.

ಒಂದು ಕಾಲಕ್ಕೆ ಆ ಮಾತು ನಿಜವೇ ಆಗಿತ್ತು. 1966ರಲ್ಲಿ ಭಾರತವು ರೂಪಾಯಿಯ ಬೆಲೆಯನ್ನು ಇಳಿಸಿ, ಡಾಲರೊಂದಕ್ಕೆ ಏಳೂವರೆ ರೂಪಾಯಿ ಎಂದು ಗೊತ್ತುಮಾಡಿತು. ವಿದೇಶೀ ವಿನಿಮಯದ ಬರಗಾಲದ ಆ ವರ್ಷಗಳಲ್ಲಿ ಹೊರದೇಶಕ್ಕೆ ಹೊರಟವನ ಕೈಗೆ ಬರುತ್ತಿದ್ದ ಡಾಲರುಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಪಾಸ್‌ಪೋರ್ಟು ಪ್ರಜೆಯ ಹಕ್ಕೋ ಸರಕಾರದ ಕೃಪೆಯೋ ಎಂಬುದೇ ತೀರ್ಮಾನವಾಗಿರಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹಕ್ಕಿನ ಪಕ್ಷಕ್ಕೆ ತೀರ್ಮಾನಿಸಿದ ಮೇಲೆಯೇ ಪಾಸ್‌ಪೋರ್ಟು ಕಾಯಿದೆ ಹುಟ್ಟಿತು.

ಇಂದು ಆ ತಡೆಗಳಿಲ್ಲ. ಈಗ ಉಳಿದಿರುವ ಪ್ರಶ್ನೆ ಒಂದೇ: ಖರ್ಚೆಷ್ಟು? ಈ ಪ್ರಶ್ನೆಗೆ ಉತ್ತರವೆಂಬಂತೆ "ದಿನಕ್ಕೆ ಇಂತಿಷ್ಟು ಹಣದಲ್ಲಿ ನೋಡಬಹುದಾದ ಅಗ್ಗದ ದೇಶಗಳು" ಎಂಬ ಪಟ್ಟಿಗಳು ವರ್ಷವರ್ಷವೂ ಹೊರಬರುತ್ತವೆ. ನೇಪಾಳ, ವಿಯೆಟ್ನಾಂ, ಶ್ರೀಲಂಕಾ, ಲಾವೋಸ್ ಮೊದಲಾದ ಹೆಸರುಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಆ ಪಟ್ಟಿಗಳು ಸುಳ್ಳಲ್ಲ. ಆದರೆ ಒಂದು ದೇಶ ಏಕೆ ಅಗ್ಗವಾಗಿದೆ, ಯಾರಿಗೆ ಅಗ್ಗವಾಗಿದೆ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ತಿಳಿದವನು ಮಾತ್ರ ಕಡಮೆ ಖರ್ಚಿನಲ್ಲಿ ಹೋಗಿಬರುವುದರ ಜೊತೆಗೆ ಅತಿಥಿಯ ಮಾನವನ್ನೂ ಉಳಿಸಿಕೊಂಡು ಬರಬಲ್ಲ.

ದಿನಕ್ಕೆ ಐದು ಡಾಲರು

ಇಂಥ ಪಟ್ಟಿಗಳಿಗೆಲ್ಲ ಮೂಲಪುರುಷನೆನ್ನಬಹುದಾದವನು ಅಮೆರಿಕದ ಆರ್ಥರ್ ಫ್ರಾಮರ್. ಜರ್ಮನಿಯಲ್ಲಿ ಸೈನಿಕನಾಗಿದ್ದಾಗ ರಜೆ ದೊರೆತಾಗಲೆಲ್ಲ ಯೂರೋಪನ್ನು ಸುತ್ತಿದ ಆತ, 1955ರಲ್ಲಿ ತನ್ನಂತಹ ಸೈನಿಕರಿಗಾಗಿ ಒಂದು ಕೈಪಿಡಿ ಬರೆದ. ಅದನ್ನೇ ಬೆಳೆಸಿ 1957ರಲ್ಲಿ "ಯೂರೋಪ್ ಆನ್ ಫೈವ್ ಡಾಲರ್ಸ್ ಎ ಡೇ" ಎಂಬ ಪುಸ್ತಕವನ್ನು ಹೊರತಂದ. ದಿನಕ್ಕೆ ಐದು ಡಾಲರಿನಲ್ಲಿ ಒಂದು ಕೋಣೆ, ಮೂರು ಹೊತ್ತಿನ ಊಟ. ಶ್ರೀಮಂತರ ಸ್ವತ್ತಾಗಿದ್ದ ಪ್ಯಾರಿಸ್, ರೋಮ್‌ಗಳ ಬಾಗಿಲು ಗುಮಾಸ್ತರಿಗೂ ಉಪಾಧ್ಯಾಯರಿಗೂ ತೆರೆಯಿತು.

ಆದರೆ ಐದು ಡಾಲರಿಗೆ ಯೂರೋಪು ದಕ್ಕಿದ್ದು ಹೇಗೆ? ಯುದ್ಧದಲ್ಲಿ ಬೆಂದು ಬಸವಳಿದಿದ್ದ ಆ ಖಂಡದಲ್ಲಿ ಕೂಲಿ ಕಡಮೆ, ಡಾಲರಿನ ಬಲ ಹೆಚ್ಚು. ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಬಿಟ್ಟು ಸಂಸಾರ ನಡೆಸುತ್ತಿದ್ದ ಕುಟುಂಬಗಳಿಗೆ ಲೆಕ್ಕವಿರಲಿಲ್ಲ. ಆ ದೇಶಗಳು ಚೇತರಿಸಿಕೊಂಡಂತೆ ಪುಸ್ತಕದ ಹೆಸರೂ ಬದಲಾಗುತ್ತ ಹೋಯಿತು. ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಶತಮಾನ ತಿರುಗಿದ ಮೇಲೆ ಅದು ಎಪ್ಪತ್ತನ್ನೂ ದಾಟಿತು.

ಅಷ್ಟರಲ್ಲಿ ಅಗ್ಗದ ನಾಡುಗಳು ಪೂರ್ವಕ್ಕೆ ಸರಿದಿದ್ದವು. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು ಲಂಡನ್ನಿನಿಂದ ಆಸ್ಟ್ರೇಲಿಯದವರೆಗಿನ ತಮ್ಮ ಪಯಣದ ಅನುಭವವನ್ನು "ಅಕ್ರಾಸ್ ಏಷ್ಯಾ ಆನ್ ದಿ ಚೀಪ್" ಎಂಬ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿದರು. ಲೋನ್ಲಿ ಪ್ಲಾನೆಟ್ ಎಂಬ ಪ್ರಕಾಶನ ಹುಟ್ಟಿದ್ದು ಹಾಗೆ. ಅವರು ದಾಟಿಬಂದ ಅಗ್ಗದ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು ಎಂಬುದನ್ನು ಮರೆಯಬಾರದು. ಇಂದಿಗೂ ಪಾಶ್ಚಾತ್ಯರ ಪಟ್ಟಿಗಳಲ್ಲಿ ಭಾರತ ಇದ್ದೇ ಇರುತ್ತದೆ.

ಸೊನ್ನೆಗಳ ಭ್ರಮೆ

ಹೊಸ ಪ್ರವಾಸಿಗನನ್ನು ಮೊದಲು ಮೋಸಗೊಳಿಸುವುದು ನೋಟಿನ ಮೇಲಿನ ಸೊನ್ನೆಗಳು. ಒಂದು ರೂಪಾಯಿಗೆ ವಿಯೆಟ್ನಾಮಿನಲ್ಲಿ ಮುನ್ನೂರರ ಆಸುಪಾಸಿನಷ್ಟು ಡೊಂಗ್ ದೊರೆಯುತ್ತದೆ. ಐದು ಲಕ್ಷ ಡೊಂಗ್‌ನ ನೋಟೊಂದು ಕೈಗೆ ಬಂದಾಗ ಕುಬೇರನ ಕಳೆ ಬಂದಂತಾಗುವುದು ಸಹಜ. ಆದರೆ ಜಪಾನಿನಲ್ಲಿಯೂ ರೂಪಾಯಿಗೆ ಒಂದೂವರೆಗಿಂತ ಹೆಚ್ಚು ಯೆನ್ ಸಿಗುತ್ತದೆ. ಅಷ್ಟರಿಂದ ಟೋಕಿಯೋ ಅಗ್ಗವಾಗಲಿಲ್ಲ. ರೂಪಾಯಿಗೆ ಎಷ್ಟು ನೋಟು ಬರುತ್ತದೆ ಎಂಬುದು ಮುಖ್ಯವಲ್ಲ. ಆ ನೋಟಿಗೆ ಎಷ್ಟು ಅನ್ನ ಬರುತ್ತದೆ ಎಂಬುದು ಮುಖ್ಯ.

ಅನ್ನದ ಬೆಲೆಯ ಹಿಂದೆ ಅರ್ಥಶಾಸ್ತ್ರದ ಒಂದು ಸರಳ ಸೂತ್ರವಿದೆ. ಹಡಗೇರಿ ದೇಶದಿಂದ ದೇಶಕ್ಕೆ ಹೋಗುವ ಸರಕುಗಳಾದ ಪೆಟ್ರೋಲು, ಮೊಬೈಲ್ ಫೋನು, ಕ್ಯಾಮೆರಾಗಳ ಬೆಲೆ ಸುಂಕವೊಂದನ್ನು ಬಿಟ್ಟರೆ ಎಲ್ಲ ಕಡೆಯೂ ಹತ್ತಿರ ಹತ್ತಿರವೇ ಇರುತ್ತದೆ. ಆದರೆ ಕ್ಷೌರಿಕನ ಕೆಲಸ ಹಡಗೇರುವುದಿಲ್ಲ. ಅಡುಗೆಯವಳ ಶ್ರಮ, ಹಾಸಿಗೆಯ ಹೊದಿಕೆ ಒಗೆಯುವವನ ಶ್ರಮ, ಬಸ್ಸಿನ ಚಾಲಕನ ಶ್ರಮ ಇವೆಲ್ಲಕ್ಕೂ ಆಯಾ ನಾಡಿನ ಕೂಲಿಯೇ ಬೆಲೆ. ಪ್ರವಾಸಿಗನ ದಿನದ ಖರ್ಚಿನಲ್ಲಿ ಹೆಚ್ಚಿನ ಪಾಲು ಇಂಥ ಶ್ರಮಕ್ಕೇ ಸಲ್ಲುವುದರಿಂದ, ಕೂಲಿ ಕಡಮೆಯಿರುವ ನಾಡು ಅವನಿಗೆ ಅಗ್ಗವಾಗಿ ಕಾಣುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಅಗ್ಗದ ನಾಡಿಗೆ ಹೋಗಿ ಇಟಲಿಯ ಪಿಜ್ಜಾ, ಆಮದಾದ ಚಾಕೊಲೇಟುಗಳನ್ನು ಬಯಸಿದವನಿಗೆ ಅಗ್ಗದ ಲಾಭವಿಲ್ಲ. ಆ ನಾಡಿನವರು ಉಣ್ಣುವುದನ್ನು ಉಂಡು, ಅವರು ಏರುವ ಬಸ್ಸನ್ನು ಏರಿದವನಿಗೆ ಮಾತ್ರ ಲಾಭ. ಎರಡು, ಈ ಪಟ್ಟಿಗಳು ಡಾಲರಿನ ಕಣ್ಣಿಗೆ ಕಂಡ ಪಟ್ಟಿಗಳು. ವಿಯೆಟ್ನಾಂ, ಶ್ರೀಲಂಕಾಗಳ ತಲಾ ಆದಾಯ ಭಾರತದ್ದಕ್ಕಿಂತ ಹೆಚ್ಚು. ನ್ಯೂಯಾರ್ಕಿನವನಿಗೆ "ಏನೂ ಅಲ್ಲ" ಎನಿಸುವ ದಿನದ ಖರ್ಚು ಮೈಸೂರಿನ ಗೃಹಸ್ಥನಿಗೆ ಹಾಗೆ ಎನಿಸಲಾರದು. ಬಡ ನೆರೆಯವರನ್ನು ನೋಡಲು ಹೊರಟಿದ್ದೇನೆಂಬ ಭಾವನೆಯನ್ನು ಅವನು ಗಡಿಯ ಈಚೆಯೇ ಬಿಟ್ಟು ಹೋಗುವುದು ಲೇಸು.

ಬಾಗಿಲು ತೆರೆದಿರುವ ನೆರೆಮನೆ

ಕನ್ನಡಿಗನ ಕಿಸೆಗೆ ನಿಜವಾಗಿಯೂ ಹಗುರವಾದ ಪರದೇಶವೆಂದರೆ ನೇಪಾಳ. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಪಾಸ್‌ಪೋರ್ಟು ಇಲ್ಲದವರಿಗೆ ಚುನಾವಣಾ ಗುರುತಿನ ಚೀಟಿಯೇ ಸಾಕು. ಪ್ರಾಯದವರ ಆಧಾರ್ ಕಾರ್ಡನ್ನು ಮಾತ್ರ ಇದಕ್ಕೆ ಒಪ್ಪುವುದಿಲ್ಲ, ಇದು ಅನೇಕರು ವಿಮಾನ ನಿಲ್ದಾಣದಲ್ಲಿ ಕಲಿಯುವ ಪಾಠ. 1993ರಿಂದ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ ಕದಲದೆ ನಿಂತಿದೆ. ಲೆಕ್ಕ ಹಾಕಲು ಮಕ್ಕಳಿಗೂ ಕಷ್ಟವಿಲ್ಲ. ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳ ಚಲಾವಣೆಯನ್ನು ನೇಪಾಳ 2018ರಲ್ಲಿ ನಿಷೇಧಿಸಿತು. ಈ ನಿಯಮಗಳು ಆಗಾಗ ಬದಲಾಗುವುದರಿಂದ ನೂರರ ನೋಟುಗಳನ್ನೇ ಕೊಂಡೊಯ್ಯುವುದು ಜಾಣತನ.

ವಿಮಾನವೂ ಅನಿವಾರ್ಯವಲ್ಲ. ಗೋರಖಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ನೂರು ಕಿಲೋಮೀಟರಿಗೂ ತುಸು ಕಡಮೆ ದೂರದ ಸುನೌಲಿ ಗಡಿಯನ್ನು ಕಾಲ್ನಡಿಗೆಯಲ್ಲೇ ದಾಟಬಹುದು. ದಾಟಿದ ಮೇಲೆ ಸ್ವಲ್ಪ ದೂರದಲ್ಲಿಯೇ ಬುದ್ಧ ಹುಟ್ಟಿದ ಲುಂಬಿನಿ. ಅಲ್ಲಿ ಅಶೋಕನು ನೆಡಿಸಿದ ಕಂಬವಿದೆ. ಭಗವಂತನು ಇಲ್ಲಿ ಹುಟ್ಟಿದನೆಂಬ ಕಾರಣಕ್ಕೆ ಈ ಗ್ರಾಮದ ಕಂದಾಯವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿದೆ ಎಂದು ಆ ಚಕ್ರವರ್ತಿ ಅದರ ಮೇಲೆ ಕೊರೆಯಿಸಿದ್ದಾನೆ. ಯಾತ್ರೆಗೆ ಬಂದ ದೊಡ್ಡ ಮನುಷ್ಯನು ಊರಿನವರ ಹೊರೆ ಇಳಿಸಿ ಹೋದ ಆ ಸಂಗತಿಯನ್ನು ಪ್ರವಾಸಿಗರು ನೆನಪಿನಲ್ಲಿಡಬೇಕು.

ಊಟವೆಂದರೆ ದಾಲ್-ಭಾತ್. ಅನ್ನ, ತೊವ್ವೆ, ಪಲ್ಯ, ಉಪ್ಪಿನಕಾಯಿ. ಸಾಮಾನ್ಯ ಭೋಜನಾಲಯಗಳಲ್ಲಿ ಹೊಟ್ಟೆ ತುಂಬುವವರೆಗೆ ಬಡಿಸುವುದು ವಾಡಿಕೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಅದು ಪರಕೀಯವೆನಿಸದು. ಇಬ್ಬರು ಕೋಣೆಯೊಂದನ್ನು ಹಂಚಿಕೊಂಡು, ಬಸ್ಸಿನಲ್ಲಿ ಓಡಾಡಿದರೆ ತಲೆಗೆ ದಿನಕ್ಕೆ ಸುಮಾರು 2000 ರೂಪಾಯಿಯಲ್ಲಿ ಕಾಲ ಹಾಕಬಹುದು. ಕಠ್ಮಂಡುವಿನಲ್ಲಿ ಕನ್ನಡಿಗನಿಗೆ ಇನ್ನೊಂದು ಸಂತೋಷ ಕಾದಿರುತ್ತದೆ. ಪಶುಪತಿನಾಥನ ಗರ್ಭಗುಡಿಯ ಪೂಜೆ ದಕ್ಷಿಣದಿಂದ ಬಂದ ಭಟ್ಟರಿಗೆ ಸೇರಿದ್ದು, ಅವರಲ್ಲಿ ಅನೇಕರು ಕರ್ನಾಟಕದ ಕರಾವಳಿಯವರು.

ಆದರೆ ಆ ಊಟ ಬಡಿಸಿದ ಮನೆಯ ಮಗನೆಲ್ಲಿ? ಬಹಳ ಸಲ ಅವನು ಕತಾರಿನಲ್ಲೋ ಮಲೇಷಿಯದಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾನೆ. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ ನೇಪಾಳದ ರಾಷ್ಟ್ರೀಯ ಆದಾಯದ ಸುಮಾರು ಕಾಲು ಭಾಗದಷ್ಟಾಗುತ್ತದೆ. ಊರಿನಲ್ಲಿ ದುಡಿಮೆಗೆ ತಕ್ಕ ಬೆಲೆಯಿಲ್ಲದುದೇ ಅವನನ್ನು ಊರು ಬಿಡಿಸಿತು, ಪ್ರವಾಸಿಗನಿಗೆ ಊಟ ಅಗ್ಗವಾಗಲು ಕಾರಣವೂ ಅದೇ.

ಸುಭಿಕ್ಷದ ಅಗ್ಗ

ಅಗ್ಗವೆಲ್ಲ ದುಃಖದಿಂದಲೇ ಹುಟ್ಟುವುದಿಲ್ಲ ಎಂಬುದಕ್ಕೆ ವಿಯೆಟ್ನಾಂ ಸಾಕ್ಷಿ. ಮೂವತ್ತು ವರ್ಷಗಳ ಯುದ್ಧದಿಂದ ಸೋತು ಸುಣ್ಣವಾಗಿದ್ದ ಆ ದೇಶದಲ್ಲಿ 1986ರ ಹೊತ್ತಿಗೆ ಅಕ್ಕಿಗೆ ಪಡಿತರದ ಸಾಲು, ಹಣದುಬ್ಬರ ಶೇಕಡಾ 700ರ ಮೇಲೆ. ಆ ವರ್ಷ "ದೋಯ್ ಮೋಯ್" ಎಂಬ ಹೆಸರಿನ ಸುಧಾರಣೆ ಆರಂಭವಾಯಿತು. ರೈತನು ಬೆಳೆದುದನ್ನು ಮಾರುವ, ಗೃಹಿಣಿಯು ಬೀದಿಯಲ್ಲಿ ಅಂಗಡಿ ಇಡುವ ಸ್ವಾತಂತ್ರ್ಯ ಮರಳಿತು. ಮೂರೇ ವರ್ಷಗಳಲ್ಲಿ, ಅಂದರೆ 1989ರಲ್ಲಿ, ಅಕ್ಕಿಗಾಗಿ ಕೈಯೊಡ್ಡುತ್ತಿದ್ದ ದೇಶ ಅಕ್ಕಿಯನ್ನು ಹೊರಗೆ ಕಳಿಸುವ ದೊಡ್ಡ ದೇಶಗಳಲ್ಲಿ ಒಂದಾಯಿತು.

ಹನೋಯ್ ಆಗಲಿ ಸೈಗಾನ್ ಆಗಲಿ, ಬೀದಿಯ ಅಂಚಿನಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಮಣೆಗಳ ಮೇಲೆ ಕುಳಿತು ಜನ ಉಣ್ಣುವುದನ್ನು ಎಲ್ಲೆಲ್ಲೂ ಕಾಣಬಹುದು. ಗುಮಾಸ್ತನೂ ವ್ಯಾಪಾರಿಯೂ ಅಲ್ಲಿ ಒಂದೇ ಪಂಕ್ತಿ. ಅಂಗಡಿಗಳು ಹೆಚ್ಚು, ಪೈಪೋಟಿ ಹೆಚ್ಚು, ಬೆಲೆ ಕಡಮೆ. ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡಿಗೆ ತರಕಾರಿ, ಸೊಪ್ಪು ಮೊದಲಾದವುಗಳನ್ನು ತುಂಬಿದ "ಬಾನ್ ಮಿ" ಎಂಬ ತಿಂಡಿ ನೂರು ರೂಪಾಯಿಯೊಳಗೆ ದೊರೆಯುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆಯ ಮಾತು. ಮೀನಿನಿಂದ ಮಾಡಿದ "ನೂಕ್ ಮಾಮ್" ಎಂಬ ರಸ ಅಲ್ಲಿನ ಬಹುತೇಕ ಅಡುಗೆಗಳಲ್ಲಿ ಇರುತ್ತದೆಯಾದ್ದರಿಂದ ಬರಿಯ ತರಕಾರಿ ಬೇಕೆಂದರೆ ಸಾಲದು. "ಚಾಯ್" ಎನ್ನಬೇಕು. ಅಲ್ಲಿ ಚಾಯ್ ಎಂದರೆ ಚಹವಲ್ಲ, ಬೌದ್ಧ ವ್ರತದ ಸಸ್ಯಾಹಾರ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನಗಳಲ್ಲಿ ಅನೇಕರು ಈ ವ್ರತ ಹಿಡಿಯುತ್ತಾರೆ. "ಕೋಮ್ ಚಾಯ್" ಎಂದು ಫಲಕ ಹಾಕಿದ ಅಂಗಡಿಗಳು ಊರೂರಿನಲ್ಲಿಯೂ ಉಂಟು. ಏಕಾದಶಿಯನ್ನು ಬಲ್ಲ ಮನೆಯವರಿಗೆ ಇದು ಹೊಸದೇನಲ್ಲ.

ಹನೋಯ್‌ನಿಂದ ಸೈಗಾನಿಗೆ 1726 ಕಿಲೋಮೀಟರುಗಳ ರೈಲುದಾರಿಯಿದೆ. ಯುದ್ಧದಲ್ಲಿ ತುಂಡುತುಂಡಾಗಿದ್ದ ಈ ದಾರಿಯನ್ನು 1976ರ ಕೊನೆಯಲ್ಲಿ ಮತ್ತೆ ಜೋಡಿಸಲಾಯಿತು. ರಾತ್ರಿಯ ರೈಲಿನಲ್ಲಿ ಮಲಗಿ ಹೋದರೆ ವಸತಿಯ ಖರ್ಚೂ ಉಳಿಯಿತು. ದಾರಿಯ ನಡುವೆ ಇಳಿದು, ಹೊಯ್ ಆನ್ ಪಟ್ಟಣದ ಸಮೀಪದ ಕಣಿವೆಯಲ್ಲಿರುವ ಮಿ ಸನ್ ದೇವಾಲಯಗಳನ್ನು ನೋಡಬೇಕು. ಚಂಪಾ ರಾಜರು ಶತಮಾನಗಳ ಕಾಲ ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಪೂಜಿಸಿದ ತಾಣವದು. ಶಾಸನಗಳು ಸಂಸ್ಕೃತದಲ್ಲಿವೆ. 1969ರ ಬಾಂಬುಗಳಿಗೆ ಅನೇಕ ಗೋಪುರಗಳು ಬಿದ್ದವು. ಭಾರತದ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ, 2020ರಲ್ಲಿ, ಮರಳುಗಲ್ಲಿನ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಮೇಲೆ ಬಂದಿತು. ವಿಯೆಟ್ನಾಮಿಗೆ ಮೊದಲೇ ವೀಸಾ ಪಡೆದಿರಬೇಕು, ಒಂದು ಸಲದ ಪ್ರವೇಶಕ್ಕೆ ಅದರ ಶುಲ್ಕ 25 ಡಾಲರು. ಮುಂದಿನ ದಿನದ ಖರ್ಚು ನೇಪಾಳದ್ದಕ್ಕಿಂತ ತುಸು ಹೆಚ್ಚಾದೀತು.

ಸಂಕಟದ ಅಗ್ಗ

ಇನ್ನೊಂದು ಬಗೆಯ ಅಗ್ಗ ಒಂದೇ ತಿಂಗಳಲ್ಲಿ ಬಂದು ಎರಗುತ್ತದೆ. ಥಾಯ್ಲೆಂಡಿನಲ್ಲಿ 1997ರ ಜುಲೈ ತಿಂಗಳಿನಲ್ಲಿ ಹಾಗಾಯಿತು. ಡಾಲರಿಗೆ 25 ಇದ್ದ ಬಾಟ್ ಮರುವರ್ಷದ ಜನವರಿಯಲ್ಲಿ 50ನ್ನು ಮೀರಿತು. ಲಾವೋಸಿನ ಕಿಪ್ 2022 ಮತ್ತು 2023ರಲ್ಲಿ ತನ್ನ ಬೆಲೆಯಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡಿತು. ಆದರೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಶ್ರೀಲಂಕಾ.

2019ರ ಈಸ್ಟರ್ ದಿನದ ಬಾಂಬ್ ದಾಳಿ, ಆಮೇಲೆ ಕೋವಿಡ್. ಪ್ರವಾಸಿಗರು ಬರುವುದು ನಿಂತಿತು. ತೆರಿಗೆಗಳ ಇಳಿಕೆ, 2021ರಲ್ಲಿ ರಾಸಾಯನಿಕ ಗೊಬ್ಬರದ ನಿಷೇಧ ಇವೂ ಸೇರಿಕೊಂಡವು. 2022ರ ಏಪ್ರಿಲ್ ತಿಂಗಳಿನಲ್ಲಿ ಆ ದೇಶ ಹೊರಗಿನ ಸಾಲ ತೀರಿಸಲಾರೆನೆಂದು ಕೈ ಚೆಲ್ಲಿತು. 1948ರ ಸ್ವಾತಂತ್ರ್ಯದ ಮೇಲೆ ಅಂಥ ದಿನ ಬಂದಿರಲಿಲ್ಲ. ಡಾಲರಿಗೆ 200ರಷ್ಟಿದ್ದ ಅಲ್ಲಿನ ರೂಪಾಯಿ ಕೆಲವೇ ವಾರಗಳಲ್ಲಿ 350ನ್ನು ದಾಟಿತು. ಅಡುಗೆ ಅನಿಲಕ್ಕೆ ಸಾಲು, ಪೆಟ್ರೋಲಿಗೆ ಸಾಲು. ಅಚ್ಚಿನ ಕಾಗದವಿಲ್ಲದೆ ಶಾಲೆಯ ಪರೀಕ್ಷೆಗಳೇ ಮುಂದಕ್ಕೆ ಹೋದವು. ಸೆಪ್ಟೆಂಬರಿನ ಹೊತ್ತಿಗೆ ಹಣದುಬ್ಬರ ಶೇಕಡಾ 70ನ್ನು ಮುಟ್ಟಿತು.

ಅದೇ ದಿನಗಳಲ್ಲಿ ಡಾಲರು ಹಿಡಿದು ಹೋದವನಿಗೆ ಆ ದ್ವೀಪ ಬಹಳ ಅಗ್ಗವಾಗಿತ್ತು! ಅವನು ಹೋದದ್ದು ತಪ್ಪೆ? ಅಲ್ಲ. ಆ ದೇಶಕ್ಕೆ ಬೇಕಾಗಿದ್ದುದು ಡಾಲರೇ. ಪ್ರವಾಸಿಗರು ಬರಲೆಂದು ಸರಕಾರವೂ ಹೋಟೆಲಿನವರೂ ಹಾದಿ ಕಾಯುತ್ತಿದ್ದರು. ಹೋದದ್ದು ತಪ್ಪಲ್ಲ, ಹೋದಲ್ಲಿ ಹತ್ತು ರೂಪಾಯಿಗಾಗಿ ಎಳನೀರಿನವನೊಡನೆ ಜಗ್ಗಾಡಿದ್ದರೆ ಅದು ತಪ್ಪು. ಆನಂತರ ಬೆಲೆಗಳ ಓಟ ನಿಂತಿತು. ಆದರೆ ಏರಿದ ಬೆಲೆಗಳು ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಸಂಬಳದವನ ಮನೆಯಲ್ಲಿ ಇಂದಿಗೂ ಆ ವರ್ಷದ ಗಾಯ ಮಾಯ್ದಿಲ್ಲ.

ಇಂದಿಗೂ ಶ್ರೀಲಂಕಾ ಮಿತವ್ಯಯದ ಪ್ರವಾಸಕ್ಕೆ ಒಳ್ಳೆಯ ನಾಡು. "ಕಡೆ" ಎಂದು ಕರೆಯುವ ಸಣ್ಣ ಉಪಾಹಾರ ಗೃಹಗಳಲ್ಲಿ ಮಧ್ಯಾಹ್ನ ಅನ್ನ ಮತ್ತು ನಾಲ್ಕಾರು ಬಗೆಯ ಪಲ್ಯ-ಸಾರುಗಳ ಪೊಟ್ಟಣ ದೊರೆಯುತ್ತದೆ. ಒಣಮೀನಿನ ಪುಡಿ ಸೇರಿರುವುದುಂಟಾದ್ದರಿಂದ ಕೇಳಿ ಕೊಳ್ಳಬೇಕು. ಸಿಗಿರಿಯಾ ಬಂಡೆಯ ಪ್ರವೇಶ ದರ ಹೊರಗಿನವರಿಗೆ ದುಬಾರಿ. ಸಾರ್ಕ್ ದೇಶಗಳವರಿಗೆ ರಿಯಾಯಿತಿಯಿದ್ದರೂ ಸ್ಥಳೀಯರು ಕೊಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. "ಇದೇನು ಅನ್ಯಾಯ" ಎಂದು ಗೊಣಗುವ ಮೊದಲು ಹಂಪೆಯ ವಿಜಯವಿಠ್ಠಲ ದೇವಾಲಯದ ಟಿಕೇಟು ಕಿಟಕಿಯನ್ನು ನೆನೆಯಬೇಕು. ಅಲ್ಲಿ ಭಾರತೀಯನಿಗೆ 40 ರೂಪಾಯಿ, ವಿದೇಶೀಯನಿಗೆ 600.

ಅಗ್ಗವಾಗಲೊಲ್ಲದ ದೇಶ

ಭೂತಾನದ್ದು ಬೇರೆಯೇ ದಾರಿ. ಅದರ ಹಣಕ್ಕೂ ಭಾರತದ ರೂಪಾಯಿಗೂ ಒಂದೇ ಬೆಲೆ. 1974ರಲ್ಲಿ ಹೊರಗಿನವರಿಗೆ ಬಾಗಿಲು ತೆರೆದಾಗಿನಿಂದಲೂ "ಕೆಲವರೇ ಬರಲಿ, ತಕ್ಕ ಬೆಲೆ ತೆರಲಿ" ಎಂಬುದು ಅದರ ನೀತಿ. ಬಹುಕಾಲ ಭಾರತೀಯರಿಗೆ ಶುಲ್ಕವಿರಲಿಲ್ಲ. ಬರುವವರ ಸಂಖ್ಯೆ ಏರಿ, ಬೆಟ್ಟದ ದಾರಿಗಳು ವಾಹನಗಳಿಂದ ತುಂಬತೊಡಗಿದ ಮೇಲೆ, 2022ರ ಸೆಪ್ಟೆಂಬರಿನಿಂದ ಭಾರತೀಯ ವಯಸ್ಕನಿಗೂ ದಿನಕ್ಕೆ 1200 ರೂಪಾಯಿಯ ಶುಲ್ಕ ಜಾರಿಯಲ್ಲಿದೆ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಅದರ ಅರ್ಧ. ದಂಪತಿಗಳೂ ಹತ್ತು ವರ್ಷದ ಮಗುವೂ ಹೊರಟರೆ ಊಟ-ವಸತಿಗಳಿಗೆ ಮೊದಲೇ ದಿನಕ್ಕೆ 3000 ರೂಪಾಯಿ.

ಪಟ್ಟಿಗಳಿಂದ ಭೂತಾನ ಬಿದ್ದುಹೋಗುವುದು ಈ ಕಾರಣಕ್ಕೆ. ಆದರೆ ಮೆಚ್ಚಬೇಕಾದ ಸಂಗತಿಯೂ ಇದೇ ಅಲ್ಲವೆ? ತನ್ನ ಕಾಡಿಗೂ ಜನರ ನೆಮ್ಮದಿಗೂ ಬೆಲೆಯಿದೆ ಎಂದು ಆ ಪುಟ್ಟ ದೇಶ ಬಾಯಿಬಿಟ್ಟು ಹೇಳಿತು. ಅಗ್ಗದ ನಾಡುಗಳಲ್ಲಿ ಆ ಬೆಲೆಯನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ಮನೆಯ ಲೆಕ್ಕ

ಕೊನೆಗೆ ಗೃಹಸ್ಥನ ಚೀಟಿ-ಪೆನ್ಸಿಲಿನ ಲೆಕ್ಕ. ಪ್ರವಾಸದ ಖರ್ಚಿನಲ್ಲಿ ಎರಡು ಪಾಲು. ವಿಮಾನದ ಟಿಕೇಟು, ವೀಸಾ, ವಿಮೆ ಇವು ಒಂದು ದಿನ ಇದ್ದರೂ ಅಷ್ಟೇ, ಹದಿನೈದು ದಿನ ಇದ್ದರೂ ಅಷ್ಟೇ. ದಿನದ ಖರ್ಚು ಎರಡನೆಯ ಪಾಲು. ಟಿಕೇಟಿಗೆ 25,000, ದಿನಕ್ಕೆ 2,500 ಎಂದಿಟ್ಟುಕೊಂಡರೆ, ಐದು ದಿನದ ಪ್ರವಾಸದಲ್ಲಿ ದಿನವೊಂದಕ್ಕೆ ಬೀಳುವುದು 7,500. ಹದಿನೈದು ದಿನ ಉಳಿದರೆ ಸುಮಾರು 4,170. ವರ್ಷಕ್ಕೊಂದು ಅವಸರದ ಪ್ರವಾಸಕ್ಕಿಂತ ಮೂರು ವರ್ಷಕ್ಕೊಂದು ನಿಧಾನದ ಪ್ರವಾಸ ಕಿಸೆಗೂ ಮನಸ್ಸಿಗೂ ಹಿತ. ಶಾಲೆಯ ರಜೆಯ ನೂಕುನುಗ್ಗಲಿನಲ್ಲಿ ಟಿಕೇಟಿನ ದರ ಏರುವುದರಿಂದ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಣವನ್ನು ವಿಮಾನ ನಿಲ್ದಾಣದ ಕಟ್ಟೆಯಲ್ಲಿ ಬದಲಾಯಿಸದೆ ಪೇಟೆಯಲ್ಲಿ ಬದಲಾಯಿಸಬೇಕು. ವಿಮೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಪರದೇಶದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆಯಬೇಕಾಗಿ ಬಂದರೆ ಉಳಿಸಿದ್ದೆಲ್ಲ ನೀರಾದೀತು.

ಇಷ್ಟೆಲ್ಲ ಉಳಿತಾಯ ಮಾಡಿದವನಿಗೆ ಬೀದಿಯ ವ್ಯಾಪಾರಿಯೊಡನೆ ಕೊನೆಯ ಹತ್ತು ರೂಪಾಯಿಗೆ ಗುದ್ದಾಡುವ ಅಗತ್ಯ ಬೀಳದು. ಓಂ ಕಡಲತೀರಕ್ಕೆ ಬಂದ ಪರದೇಶದವರಿಗೆ ಗೋಕರ್ಣದವರು ಗುಡಿಸಲು ಬಾಡಿಗೆಗೆ ಕೊಟ್ಟದ್ದುಂಟು. ಹಂಪೆಯಲ್ಲಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲಿನವನು ದೇಶದೇಶದ ಪ್ರವಾಸಿಗರನ್ನು ಕಂಡವನು. ಇವರ ಬಳಿ, ತನ್ನ ಊರಿನಲ್ಲಿ ಒಂದು ಲೋಟ ಕಾಫಿಗೂ ಸಾಲದ ಹಣಕ್ಕಾಗಿ ಪರದೇಶದವನೊಬ್ಬ ಚೌಕಾಸಿ ಮಾಡುತ್ತ ನಿಂತರೆ ನೋಡಿದ ಕನ್ನಡಿಗನಿಗೆ ಏನೆನಿಸುತ್ತದೆಯೋ, ಕಠ್ಮಂಡುವಿನ ಬೀದಿಯಲ್ಲಿ ಅವನೇ ಹಾಗೆ ನಿಂತಾಗ ನೋಡುವ ನೇಪಾಳಿಗೂ ಅದೇ ಅನಿಸುತ್ತದೆ. ಊರು ಅಗ್ಗವೆಂದ ಮಾತ್ರಕ್ಕೆ ಊರಿನವನು ಅಗ್ಗವಲ್ಲ. ಇಷ್ಟನ್ನು ತಿಳಿದು ಹೊರಟವನಿಗೆ ಸಣ್ಣ ಕಿಸೆಯಲ್ಲಿಯೂ ದೊಡ್ಡ ಪ್ರವಾಸ ಸಾಧ್ಯ.